ಕಮಲಮ್ಮನನ್ನು ತಳ್ಳಿದ ಭಾನುವಾರ

ನಗು ಕೇಳಿ ಹೊಟ್ಟೆ ತೊಳಸುವುದು ಅಂದರೆ ಏನೆಂದು ನನಗೆ ಗೊತ್ತಾದದ್ದು ನಮ್ಮ ಮನೆಯ ನಡುಮನೆಯಲ್ಲಿ. ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಲ್ಲಿ ಆಗ ಎಲ್ಲರೂ ಹೊಗೆಸೊಪ್ಪು ಬೆಳೆಯುತ್ತಿದ್ದರು. ನಮ್ಮದು ಉದ್ದನೆಯ ಹೆಂಚಿನ ಮನೆ. ಮುಂದೆ ಜಗಲಿ, ಅದರ ಹಿಂದೆ ನಡುಮನೆ, ಅದಕ್ಕೆ ಬೆನ್ನು ಕೊಟ್ಟಂತೆ ಅಡುಗೆಮನೆ. ಹಿತ್ತಲಿನಲ್ಲಿ ಬ್ಯಾರನ್ನು ಅನ್ನುವ ಬೆಂಕಿಗೂಡಿನಲ್ಲಿ ಬೆಂದು ಹದವಾದ ಸೊಪ್ಪು ಹರಾಜಿಗೆ ಹೋಗುವವರೆಗೂ ನಡುಮನೆಯ ಗೋಡೆಯುದ್ದಕ್ಕೂ ಪೇರಿಸಿಕೊಂಡಿರುತ್ತಿತ್ತು. ಅದರ ಘಾಟು ಹಾಸಿಗೆಗೆ, ಸ್ಕೂಲಿನ ಬಟ್ಟೆಗೆ, ತಟ್ಟೆಯ ಮುದ್ದೆಗೆ ಎಲ್ಲಕ್ಕೂ ಹತ್ತುತ್ತಿತ್ತು. ನೆಂಟರು ಬಂದರೆ ಸೀನಿ ಸೀನಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಮಗೆ ಏನೂ ಅನ್ನಿಸುತ್ತಿರಲಿಲ್ಲ. ಅದು ಮನೆಯ ವಾಸನೆ, ಅಷ್ಟೆ. ಆ ಸೊಪ್ಪಿನ ರಾಶಿಯ ನಡುವೆ, ತಾತನ ಮಂಚಕ್ಕೆ ಎದುರಾಗಿ, ಅಪ್ಪ ಒಂದು ಒಳ್ಳೆಯ ಬೆಳೆಯ ವರ್ಷ ತಂದಿಟ್ಟ ಟೀವಿ ಇತ್ತು. ಮಂಚದ ಮೇಲೆ ತಾತ, ಗೋಡೆಗೆ ಒರಗಿ ಅಪ್ಪ, ಅಡುಗೆಮನೆಯ ಹೊಸ್ತಿಲ ಮೇಲೆ ಅವ್ವ, ಟೀವಿಗೆ ತೀರ ಹತ್ತಿರ ನಾನು. ನನ್ನ ಹಿಂದೆ ಕಾಲು ಮಡಚಿಕೊಂಡು, ಮಡಿಲಲ್ಲಿ ಅವರೆಕಾಯಿಯನ್ನೋ ಹುಣಸೆಹಣ್ಣನ್ನೋ ಇಟ್ಟುಕೊಂಡು ಜಯತ್ತೆ.

ಜಯತ್ತೆ ಅಪ್ಪನ ತಂಗಿ. ಅವಳನ್ನು ಕೆ.ಆರ್. ನಗರಕ್ಕೆ ಕೊಟ್ಟಿದ್ದರು. ನಾನಿನ್ನೂ ಅಂಗನವಾಡಿಗೆ ಹೋಗುವ ಹುಡುಗಿಯಾಗಿದ್ದಾಗ ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದವಳು ಮತ್ತೆ ಹೋಗಲಿಲ್ಲ. ಗಂಡ ಸಿದ್ದರಾಜು ಹೊಡೆಯುತ್ತಿದ್ದ. ಎಡಗಿವಿಯ ಹಿಂದೆ ಕೂದಲು ಬೆಳೆಯದ ಒಂದು ಜಾಗವಿತ್ತು, ತಲೆ ಬಾಚುವಾಗ ಅವಳು ಅದನ್ನು ಮುಚ್ಚಿಕೊಳ್ಳುತ್ತಿದ್ದಳು. ಬಂದದ್ದು ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಾತ ಮಾತ್ರ ಊರಿನವರು ಕೇಳಿದಾಗ, ಮಗಳು ಬಂದವಳೆ, ನಾಕು ದಿನ ಇದ್ದು ಹೋಗ್ತಾಳೆ ಅನ್ನುತ್ತಿದ್ದ. ನಾನು ಹೈಸ್ಕೂಲು ಸೇರಿದರೂ ತಾತನ ಆ ನಾಲ್ಕು ದಿನ ಮುಗಿದಿರಲಿಲ್ಲ. ಅಷ್ಟರಲ್ಲಿ ಸೊಪ್ಪು ಪೋಣಿಸುವುದು, ಬ್ಯಾರನ್ನಿನ ಬಿಸಿ ನೋಡುವುದು, ಬಣ್ಣ ನೋಡಿ ಸೊಪ್ಪು ಬೇರೆ ಮಾಡುವುದು ಎಲ್ಲವೂ ಅವಳ ಪಾಲಿಗೆ ಬಂದಿದ್ದವು.

ಭಾನುವಾರ ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ಅದರ ಹೆಸರು ಬೇರೆ ಏನೋ ಇತ್ತು, ನಮ್ಮ ಮನೆಯಲ್ಲಿ ಮಾತ್ರ ಅದು 'ಮಿಷಿನ್ನು'. ಒಂದು ಸಣ್ಣ ಪೇಟೆಯಲ್ಲಿ ಕಮಲಮ್ಮ ಎಂಬ ಹೆಂಗಸು ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಬೆಲ್ಟು ಜಾರಿದಾಗಲೆಲ್ಲ ಆ ಯಂತ್ರದ ಬಾಯಿ ಬೇರೆ ಕಾಲಕ್ಕೆ ತೆರೆದುಕೊಳ್ಳುತ್ತದೆ. ರಾಗಿ ಬೀಸಿಸಲು ಬಂದವರು ಒಳಗೆ ಕಾಲಿಟ್ಟು ರಾಜರ ಕಾಲಕ್ಕೋ, ಇನ್ನೂ ಬಾರದ ಕಾಲಕ್ಕೋ ಹೋಗಿ, ಅಲ್ಲಿ ಪೇಚಿಗೆ ಸಿಕ್ಕಿ, ಹಿಟ್ಟಿನ ಡಬ್ಬಿಯ ಸಮೇತ ಹಿಂದಿರುಗುತ್ತಾರೆ. ಗೋಧಿ ಚೀಲ ಹಿಡಿದ ಒಬ್ಬ ಮೇಷ್ಟ್ರು ವಾರವಾರವೂ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಮುಂದಿನ ಕಾಲದಿಂದ ಬಂದು ಇಲ್ಲೇ ಉಳಿದುಬಿಟ್ಟ ಒಂದು ಯಂತ್ರಮಾನವ ಗಿರಣಿಯಲ್ಲಿ ಕೆಲಸಕ್ಕಿತ್ತು. ಅದನ್ನು ಯಂತ್ರಣ್ಣ ಅನ್ನುತ್ತಿದ್ದರು. ಅಚ್ಚ ಪುಸ್ತಕದ ಕನ್ನಡ ಬಿಟ್ಟು ಬೇರೆ ಮಾತು ಅದಕ್ಕೆ ಬರುತ್ತಿರಲಿಲ್ಲ. 'ಅಮ್ಮನವರೇ, ತಮ್ಮ ನೇತ್ರಗಳಿಂದ ಜಲವು ಸೋರುತ್ತಿದೆ, ದುರಸ್ತಿಗೊಳಿಸಲೇ?' ಎಂದು ಅದು ಒಮ್ಮೆ ಕೇಳಿದ್ದಕ್ಕೆ ನಾವು ನಕ್ಕೆವು. ಅವ್ವ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಮಲಮ್ಮನಿಗೆ ಗಂಡನಿದ್ದ. ಮೊದಲ ವಾರವೇ ಅವನು ಹೆಂಡತಿಯ ಮೇಲೆ ಕೂಗಾಡಿ, ಸಿಟ್ಟಿನಲ್ಲಿ ತಾನಾಗಿ ಯಂತ್ರದೊಳಗೆ ಕಾಲಿಟ್ಟು ಮಾಯವಾಗಿದ್ದ. ಅವಳು ಹುಡುಕಲು ಯಾರನ್ನೂ ಕಳಿಸಲಿಲ್ಲ. ಬೆಲ್ಟು ಬಿಗಿ ಮಾಡಿ, ಮುಂದಿನವರ ರಾಗಿ ಸುರಿದುಕೊಂಡಳು. ಆ ಗಿರಣಿಗೆ ಒಂದು ಕಟ್ಟಳೆ ಇತ್ತು: ಯಾರನ್ನೂ ಒಳಗೆ ತಳ್ಳುವ ಹಾಗಿಲ್ಲ, ಅವರಾಗಿಯೇ ಕಾಲಿಡಬೇಕು. ಒಬ್ಬ ಸಾಹುಕಾರ ತನ್ನ ದಾಯಾದಿಯನ್ನು ತಳ್ಳಲು ಬಂದಾಗ ಕಮಲಮ್ಮ ಗಿರಣಿಯನ್ನೇ ನಿಲ್ಲಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಅವನನ್ನು ಬೀದಿಗೆ ಅಟ್ಟಿದ್ದಳು. ಅಂಥ ಕಂತುಗಳನ್ನು ನಾವು ವಾರವೆಲ್ಲ ಆಡಿಕೊಳ್ಳುತ್ತಿದ್ದೆವು.

ಧಾರಾವಾಹಿ ಮುಗಿದ ಮೇಲೆ ಊಟ, ಊಟದ ಜೊತೆ ತೀರ್ಪು. ಇದು ನಮ್ಮ ಮನೆಯ ಪದ್ಧತಿ. ತಾತನಿಗೆ ರಾಜರು ಬಂದರೆ ಚೆನ್ನ, ಬಾರದಿದ್ದರೆ ಚೆನ್ನಾಗಿಲ್ಲ. ಅಪ್ಪ ತಾತ ಏನು ಹೇಳುತ್ತಾನೋ ನೋಡಿಕೊಂಡು ಅದನ್ನೇ ಹೇಳುತ್ತಿದ್ದ. ಅವ್ವ ತೀರ್ಪು ಕೊಡುತ್ತಿರಲಿಲ್ಲ, ಸಾರು ಬಡಿಸುತ್ತಿದ್ದಳು. ಜಯತ್ತೆ ಮಾತ್ರ ಬಸ್ಸಾರಿಗೆ ಮುದ್ದೆ ಅದ್ದಿ ನುಂಗುತ್ತ, ಯಾವುದು ಸರಿ ಯಾವುದು ಸುಳ್ಳು ಎಂದು ಬಿಡಿಸಿ ಹೇಳುತ್ತಿದ್ದಳು. ಮೇಷ್ಟ್ರು ಚೀಲ ಮರೆತು ಬಂದದ್ದು ಸುಳ್ಳು, ಅವರು ಪ್ರಾಣ ಬಿಟ್ಟಾರು, ಚೀಲ ಬಿಡರು. ಯಂತ್ರಣ್ಣನಿಗೆ ಸಿಟ್ಟು ಬರಿಸಬಾರದಿತ್ತು, ಸಿಟ್ಟು ಬಂದರೆ ಅದಕ್ಕೂ ನಮಗೂ ಏನು ವ್ಯತ್ಯಾಸ? ನಾನು ಬಾಯಿ ತೆರೆದು ಕೇಳುತ್ತಿದ್ದೆ. ನೋಡಿದ್ದನ್ನು ಇಷ್ಟವಾಯಿತು, ಇಲ್ಲ ಎಂದು ಬಿಟ್ಟುಬಿಡದೆ ಯಾಕೆ ಎಂದು ಕೇಳುವುದನ್ನು ನನಗೆ ಕಲಿಸಿದ್ದು ಯಾವ ಸ್ಕೂಲೂ ಅಲ್ಲ, ಆ ಊಟದ ಪಂಕ್ತಿ.

ಆದರೆ ಯಾವುದೂ ಅಷ್ಟು ವರ್ಷ ನಡೆಯಬಾರದು. ಆರೇಳು ವರ್ಷವಾಗುವ ಹೊತ್ತಿಗೆ ಮಿಷಿನ್ನು ಹಳಸಿತು. ಬರೆಯುವವರು ಬದಲಾದರೆಂದು ಕಾಣುತ್ತದೆ. ರಾಜರ ಕಾಲಕ್ಕೆ ಹೋದ ಮೇಷ್ಟ್ರು ಅಲ್ಲಿ ಸ್ನಾನ ಮಾಡುವ ಹೆಂಗಸರನ್ನು ಇಣುಕಿ ನೋಡತೊಡಗಿದರು. ದಪ್ಪಗಿರುವ ಒಬ್ಬಳನ್ನು ತಂದು, ಅವಳು ಕೂತಾಗಲೆಲ್ಲ ಬೆಂಚು ಮುರಿಸಿದರು. ಯಂತ್ರಣ್ಣ ಸೊಂಟ ಕುಣಿಸಿತು. ಎಲ್ಲಕ್ಕಿಂತ ಹೇಸಿಗೆಯೆಂದರೆ ನಗು. ಮೊದಲು ನಗಬೇಕಾದವರು ನಾವು, ನಗು ಬಂದರೆ ನಗುತ್ತಿದ್ದೆವು. ಈಗ ಟೀವಿಯ ಒಳಗಿಂದಲೇ, ಕಾಣದ ಜನ ಗುಂಪುಗಟ್ಟಿ ನಕ್ಕ ಸದ್ದು ಬರುತ್ತಿತ್ತು. ಪ್ರತಿ ಮಾತಿಗೂ ಅದೇ ನಗು, ಅದೇ ಏರಿಳಿತ, ಕೊನೆಯಲ್ಲಿ ಅದೇ ಒಬ್ಬನ ಕ್ಯಾಕರಿಕೆ. ಆ ಕ್ಯಾಕರಿಕೆ ಬಂದಾಗ ನನಗೆ ಯಾರೋ ಕಿವಿಯೊಳಗೆ ಉಗುಳಿದ ಹಾಗಾಗುತ್ತಿತ್ತು. ತಾತ, ಅಪ್ಪ ಇಬ್ಬರೂ ಅದರ ಜೊತೆ ಸೇರಿ ನಗುತ್ತಿದ್ದರು. ಜಯತ್ತೆಯ ತೀರ್ಪು ಚಿಕ್ಕದಾಗುತ್ತ ಬಂತು. ಬರೀ ಸಪ್ಪೆ ಅನ್ನುತ್ತಿದ್ದಳು. ಆದರೂ ಬಿಡಲಿಲ್ಲ, ಕಮಲಮ್ಮ ಇದ್ದಾಳಲ್ಲ ಅಂತ ನೋಡುತ್ತಿದ್ದಳು.

ಅದೇ ಸಮಯಕ್ಕೆ ಕೆ.ಆರ್. ನಗರದಿಂದ ಮಾತು ಬರತೊಡಗಿತು. ಸಿದ್ದರಾಜುವಿನ ತಾಯಿಗೆ ಲಕ್ವ ಹೊಡೆದು ಮೈಯ ಒಂದು ಭಾಗ ಬಿದ್ದುಹೋಗಿತ್ತು. ಇಷ್ಟು ವರ್ಷ ಹೆಂಡತಿ ಸತ್ತಳೋ ಇದ್ದಾಳೋ ಎಂದು ಕೇಳದಿದ್ದವನಿಗೆ ಈಗ ಹೆಂಡತಿ ನೆನಪಾದಳು. ಅವರ ಕಡೆಯ ಹಿರಿಯರು ಎರಡು ಸಲ ಬಂದು ಜಗಲಿಯ ಮೇಲೆ ಕೂತು, ತಾತನ ಜೊತೆ ಎಲೆಅಡಿಕೆ ಹಾಕಿಕೊಂಡು, ಹೆಣ್ಣುಮಕ್ಕಳ ತವರು ಎಷ್ಟು ದಿನ ಎಂದು ಮಾತಾಡಿ ಹೋದರು. ಕೆಂಪಗೆ ಉಗುಳಿದ್ದನ್ನು ಜಗಲಿಯಿಂದ ತೊಳೆದವಳು ಜಯತ್ತೆ. ತಾತ ಒಪ್ಪಿಕೊಂಡುಬಿಟ್ಟ. ಅಳಿಯ ಭಾನುವಾರ ಬರುವುದು, ಸೋಮವಾರ ಬೆಳಿಗ್ಗೆ ಕರೆದುಕೊಂಡು ಹೋಗುವುದು ಎಂದಾಯಿತು. ಇದನ್ನು ಜಯತ್ತೆಗೆ ಹೇಳಿದವನು ಅಪ್ಪ. ಬ್ಯಾರನ್ನಿನ ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ, ಸೌದೆ ಎಣಿಸುವವನ ಹಾಗೆ ಹೇಳಿದ. ಅವಳು ಬೆಂಕಿ ಕೆದಕುತ್ತಿದ್ದಳು. ಇನ್ನೊಂದು ಸೌದೆ ಒಳಗೆ ನೂಕಿದಳು.

ಆ ಭಾನುವಾರ ನಾಟಿ ಕೋಳಿ ಕೊಯ್ದರು. ಅವ್ವ ಬೆಳಿಗ್ಗೆಯಿಂದ ಖಾರ ಅರೆದಳು. ಸಿದ್ದರಾಜು ಮಧ್ಯಾಹ್ನದ ಬಸ್ಸಿಗೆ ಬಂದ. ನಾನು ಅವನನ್ನು ಮಾವ ಅನ್ನಬೇಕಿತ್ತು, ಅನ್ನಲಿಲ್ಲ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕ್ರಾಪು, ಕಿರುಬೆರಳಿಗೆ ಉದ್ದ ಬಿಟ್ಟ ಉಗುರು. ಆ ಉಗುರಿನಿಂದ ಕಿವಿ ಕೆರೆದುಕೊಂಡು ಅದನ್ನು ನೋಡಿ ಪಂಚೆಗೆ ಒರೆಸುತ್ತಿದ್ದ. ಜಯತ್ತೆ ನೀರು ಕೊಟ್ಟಳು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೂ, ಸಂತೆಯಲ್ಲಿ ದನ ನೋಡುವ ಹಾಗೆ ನೋಡಿ, ಇಳಿದೋಗವಳೆ ಎಂದು ತಾತನಿಗೆ ಹೇಳಿದ. ಸಂಜೆ ಧಾರಾವಾಹಿಯ ಹೊತ್ತಿಗೆ ನನ್ನ ಹಿಂದಿನ ಜಾಗದಲ್ಲಿ, ಜಯತ್ತೆ ಕೂರುತ್ತಿದ್ದ ಕಡೆ, ಅವನು ಕೂತ. ಅವಳು ಅಡುಗೆಮನೆಯ ಬಾಗಿಲಲ್ಲಿ ಅವ್ವನ ಪಕ್ಕ ನಿಂತಳು. ಅಳಿಯ ಬಂದಿದ್ದರಿಂದ ಗಂಡಸರಿಗೂ ಅವರ ಜೊತೆ ನನಗೂ ಟೀವಿಯ ಮುಂದೆಯೇ ಊಟ ಬಡಿಸಿದ್ದರು. ಉಣ್ಣುತ್ತ ಅವನು ತನ್ನ ತಾಯಿಯ ವಿಚಾರ ಹೇಳಿದ. ಹೇಲು ಉಚ್ಚೆ ಎಲ್ಲ ಹಾಸಿಗೆಯಲ್ಲೇ, ಬಾಚುವವರು ಬೇಕಲ್ಲ ಎಂದ. ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಬಾಗಿಲ ಕಡೆಯಿಂದ ಜಯತ್ತೆ ಕೇಳಿದಳು. ಅವನು ಕೋಳಿಕಾಲಿನ ಮೂಳೆಯನ್ನು ಕಚ್ಚಿ ಒಳಗಿನದನ್ನು ಹೀರುತ್ತ ಹೇಳಿದ:

"ಯಾರ್ ನೋಡ್ತಾರೆ? ಬಿದ್ದದೆ ಇತ್ಲಲ್ಲಿ."

ಆಗ ಮಿಷಿನ್ನು ಶುರುವಾಯಿತು. ಆ ಕಂತಿನ ಕತೆ ಇಷ್ಟು. ಬೆಲ್ಟು ಜಾರುತ್ತದೆ, ಯಂತ್ರದ ಬಾಯಿಂದ ಕಮಲಮ್ಮನ ಗಂಡ ಹೊರಗೆ ಬೀಳುತ್ತಾನೆ. ಇಷ್ಟು ವರ್ಷ ಎಲ್ಲೆಲ್ಲೋ ಅಲೆದು ಬಂದಿದ್ದಾನೆ. ಬಂದವನೇ ಊಟ ಎಲ್ಲಿ ಎಂದು ಕೇಳುತ್ತಾನೆ. ಕಮಲಮ್ಮ, ನೀನು ಯಾರಪ್ಪ, ಯಾವ ಕಾಲದಿಂದ ಬಂದೆ ಅನ್ನುತ್ತಾಳೆ. ಅದಕ್ಕೆ ಅವನು ಅವಳ ಕೆನ್ನೆಗೆ ಹೊಡೆಯುತ್ತಾನೆ. ಟೀವಿಯೊಳಗಿನ ಜನ ಗೊಳ್ಳೆಂದು ನಗುತ್ತಾರೆ. ಹಿಟ್ಟು ಹಾರಿ ಅವಳ ಮುಖವೆಲ್ಲ ಬೆಳ್ಳಗಾಗುತ್ತದೆ, ಇನ್ನೂ ನಗು. ಮೇಷ್ಟ್ರು, ಪೇಟೆಯವರು, ಎಲ್ಲರೂ ಸೇರಿ ಈ ಬಜಾರಿಯನ್ನು ರಿಪೇರಿ ಮಾಡಬೇಕು ಎಂದು ತೀರ್ಮಾನಿಸುತ್ತಾರೆ. ಯಂತ್ರಣ್ಣ, ಕಣ್ಣೀರನ್ನು ದುರಸ್ತಿ ಮಾಡಲೇ ಎಂದು ಕೇಳಿದ್ದ ಅದೇ ಯಂತ್ರಣ್ಣ, ಅವಳ ಸೊಂಟ ಹಿಡಿದು ಎತ್ತಿ ಯಂತ್ರದ ಬಾಯಿಗೆ ತಳ್ಳುತ್ತದೆ. ಅವಳು ಕಾಲು ಬಡಿಯುತ್ತಾಳೆ, ಸೀರೆ ಮಂಡಿಯ ಮೇಲೆ ಹೋಗುತ್ತದೆ, ಆ ಮಂಡಿಯನ್ನು ಟೀವಿ ಹತ್ತಿರದಿಂದ ತೋರಿಸುತ್ತದೆ. ನಗು, ನಗು, ಕೊನೆಗೆ ಆ ಕ್ಯಾಕರಿಕೆ. ಗಿರಣಿ ಗರಗರ ತಿರುಗಿ ನಿಂತಾಗ ಅವಳು ಹೊರಗೆ ಬರುತ್ತಾಳೆ. ರೇಷ್ಮೆ ಸೀರೆ, ತಗ್ಗಿಸಿದ ತಲೆ, ಕೈಯಲ್ಲಿ ಕಾಫಿ ಲೋಟ. ಗಂಡನ ಕಾಲಿಗೆ ಬೀಳುತ್ತಾಳೆ. ಅವನು ಗಿರಣಿಯ ಬೀಗದ ಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾನೆ. ಪ್ರತಿ ಕಂತಿನ ಕೊನೆಯಲ್ಲೂ ಬರುವ ಶುಭಂ ಇಲ್ಲೂ ಬರುತ್ತದೆ.

ನಮ್ಮ ನಡುಮನೆಯಲ್ಲಿ ಮೂವರು ಗಂಡಸರೂ ನಗುತ್ತಿದ್ದರು. ತಾತ ಹಲ್ಲಿಲ್ಲದ ಬಾಯಿ ತೆರೆದು ತೊಡೆ ತಟ್ಟುತ್ತಿದ್ದ. ಅಪ್ಪ ಮೊದಲು ನಗಲಿಲ್ಲ. ತಾತನ ಕಡೆ ನೋಡಿದ, ಸಿದ್ದರಾಜುವಿನ ಕಡೆ ನೋಡಿದ, ಆಮೇಲೆ ನಕ್ಕ. ಅದನ್ನು ನಾನು ಕಂಡೆ. ತಂಗಿ ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದೆ ಎಂದು ಹೇಳುತ್ತಿದ್ದ ಅಪ್ಪ. ಸಿದ್ದರಾಜು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಬಾಯೊಳಗಿನ ಮುದ್ದೆ ಕಾಣುತ್ತಿತ್ತು, ಸಾರಿನ ಒಂದು ಹನಿ ಹಾರಿ ನನ್ನ ತೋಳಿಗೆ ಬಿತ್ತು. ಟೀವಿಯ ಕ್ಯಾಕರಿಕೆಗೂ ಅವನ ನಗುವಿಗೂ ಒಂದೇ ಏರಿಳಿತ. ನಾನು ಎದ್ದು ಹಿತ್ತಲಿಗೆ ಓಡಿದೆ, ಕಲ್ಲಿನ ಮೇಲೆ ಕೈಯೂರಿ ಕಾರಿಕೊಂಡೆ. ತಿಂದ ಕೋಳಿಯೆಲ್ಲ ಬಂತು. ತೋಳನ್ನು ತೊಟ್ಟಿಯ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು ನಾನು ಒಳಗೆ ಬಂದಾಗ ತಾತ ಮಾತಾಡುತ್ತಿದ್ದ. ಕಮಲಮ್ಮನಿಗೇ ಬುದ್ಧಿ ಬಂತು, ನೀನು ಯಾವ ಲೆಕ್ಕ, ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡು ಎಂದು ಮಗಳಿಗೆ ಹೇಳುತ್ತಿದ್ದ. ಆಮೇಲೆ, ಅದೂ ಪದ್ಧತಿಯಂತೆ, ಇವತ್ತಿನದು ಹೆಂಗಿತ್ತು ಹೇಳು ಎಂದ.

ಜಯತ್ತೆ ಬಾಗಿಲಿಂದ ನಡುಮನೆಗೆ ಬಂದಳು. ದನಿ ಏರಿಸಲಿಲ್ಲ. ಯಾವಾಗಲೂ ತೀರ್ಪು ಹೇಳುವ ಹಾಗೆಯೇ, ನಿಧಾನವಾಗಿ ಹೇಳಿದಳು:

"ಚೆನ್ನಾಗಿರ್ಲಿಲ್ಲ ಕಣಪ್ಪ. ತಳ್ಳಂಗಿಲ್ಲ ಅಂತ ಅವರೇ ಹೇಳಿದ್ರು, ಅವರೇ ತಳ್ಳುದ್ರು. ಆಚೆಗೆ ಬಂದೋಳು ಕಮಲಮ್ಮ ಅಲ್ಲ, ಅವಳ ಮಕ ಇಟ್ಕೊಂಡಿರೋ ಬ್ಯಾರೆ ಯಾವಳೋ. ಯಂತ್ರಣ್ಣಂಗೆ ಅಯ್ಯೋ ಅನ್ನೋದು ಗೊತ್ತಿತ್ತು, ಅದ್ನೂ ಕಿತ್ತಾಕ್ಬುಟ್ರು. ಏಟು ಬಿದ್ದಾಗ ಜನ ನಕ್ರಲ್ಲ, ಆ ಜನ ಯಾರು? ಏಟು ತಿಂದೋಳಂತೂ ನಗ್ಲಿಲ್ಲ."

ಸಿದ್ದರಾಜು ತಟ್ಟೆಯಿಂದ ತಲೆಯೆತ್ತಿ, ತಮಾಷೆಗೆ ನಗದೆ ಅಳೋಕಾಗುತ್ತಾ ಎಂದು ತಾತನನ್ನು ನೋಡಿ ಕಣ್ಣು ಹೊಡೆದ. ಜಯತ್ತೆ ಅವನ ಕಡೆ ನೋಡಲೇ ಇಲ್ಲ. ತಲೆಗೂದಲನ್ನು ಎಡಗಿವಿಯಿಂದ ಹಿಂದಕ್ಕೆ ಸರಿಸಿ, ಆ ಬೋಳು ಜಾಗವನ್ನು ತಂದೆಗೆ ತೋರಿಸಿದಳು.

"ಇದು ಬಿದ್ದಾಗ್ಲೂ ಯಾರೋ ನಕ್ಕಿದ್ರು ಕಣಪ್ಪ. ಆಚೆ ಕೋಣೇಲಿ ಇವರ ಸ್ನೇಯಿತ್ರು ಕೂತಿದ್ರು. ನಾನೋಗಕಿಲ್ಲ."

ತಾತ ಅವಳ ತಲೆಯ ಕಡೆ ನೋಡಲಿಲ್ಲ. ಅವಳ ಮಾತು ಕೇಳಿಸದವನ ಹಾಗೆ ಅವ್ವನ ಕಡೆ ತಿರುಗಿ, ಇವಳ ಬಟ್ಟೆ ಕಟ್ಟು ಎಂದ. ಅವ್ವ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನ ಎದುರು ಜೋರಾಗಿ ಕೆಮ್ಮಿದವಳೂ ಅಲ್ಲ. ಅವಳು ಹೊಸ್ತಿಲು ದಾಟಿ ಬಂದು ಮೊದಲು ಟೀವಿ ಆರಿಸಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು:

"ನಾನ್ ಕಟ್ಟಕಿಲ್ಲ ಮಾವಯ್ಯ. ಬೇಕಾದ್ರೆ ನಿಮ್ಮ ಮಗನ್ ಕೈಲಿ ಕಟ್ಟುಸ್ಕಳಿ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಏಳಲಿಲ್ಲ. ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದ. ಎದ್ದು ಕಟ್ಟಲಿಲ್ಲ ಎಂಬುದು ದೊಡ್ಡ ಗಂಡಸ್ತನವೇನಲ್ಲ. ಆದರೂ ಆ ಹೊತ್ತಿಗೆ ಅವನಿಂದ ಆದದ್ದು ಅಷ್ಟೆ. ಸಿದ್ದರಾಜು ಮಾರನೆಯ ಬೆಳಿಗ್ಗೆ ಒಬ್ಬನೇ ಹೋದ. ಹೋಗುವಾಗ ಜಗಲಿಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಜಯತ್ತೆಯನ್ನು ಏನೇನು ಅಂದನೋ ಅದನ್ನು ನಾನು ಬರೆಯುವುದಿಲ್ಲ, ಬರೆದರೆ ಹಾಳೆ ನಾರುತ್ತದೆ. ತಾತ ಇನ್ನು ಮಗಳು ಮಾಡಿದ ಅಡುಗೆ ಮುಟ್ಟುವುದಿಲ್ಲ ಎಂದ. ಅವ್ವ ಅವನಿಗೆಂದು ಬೇರೆ ಒಲೆ ಹಚ್ಚಲಿಲ್ಲ. ಎರಡು ದಿನ ತಾತ ಪಕ್ಕದ ಮನೆಯಲ್ಲಿ ಉಂಡ, ಮೂರನೆಯ ದಿನ ಏನೂ ಆಗದವನ ಹಾಗೆ ಬಂದು ತಟ್ಟೆಯ ಮುಂದೆ ಕೂತ.

ಈಚೆಗೆ ನಮ್ಮ ಕಡೆಯ ಹುಡುಗಿಯೊಬ್ಬಳು ಹಳೆಯ ಧಾರಾವಾಹಿಗಳೆಲ್ಲ ಮೊಬೈಲಿನಲ್ಲಿ ಸಿಗುತ್ತವೆ ಎಂದು ಅದೇ ಕಂತನ್ನು ಹುಡುಕಿ ಕೊಟ್ಟಳು. ನೋಡುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಸಿದ್ದರಾಜುವಿನ ಮೇಲಿನ ಹೇಸಿಗೆಯನ್ನು ಆ ಕತೆಯ ಮೇಲೆ ಹಾಕಿದ್ದೇನೋ, ಅದು ಅಷ್ಟು ಕೆಟ್ಟದಾಗಿರಲಿಲ್ಲವೇನೋ ಎಂಬ ಅನುಮಾನವಿತ್ತು. ನೋಡಿದೆ. ನನ್ನ ನೆನಪಿಗಿಂತ ಕೆಟ್ಟದಾಗಿದೆ. ಆಗ ಗಮನಿಸದ ಇನ್ನೊಂದು ಈಗ ಕಂಡಿತು. ಗಂಡ ಕೈಯೆತ್ತುವುದಕ್ಕೆ ಮೊದಲೇ ನಗು ಶುರುವಾಗುತ್ತದೆ. ಏಟು ಬೀಳಲಿ ಎಂದು ಕಾದು ಕೂತವರ ನಗು ಅದು. ಒಂದು ಕಾಲಕ್ಕೆ ನಮ್ಮಂಥ ಮನೆಗಳಿಗೆ ಒಬ್ಬ ಸ್ವತಂತ್ರ ಹೆಂಗಸನ್ನು ತೋರಿಸಿದವರೇ, ಅವಳು ಹಳಬಳಾದಳು ಎಂದು, ಅವಳನ್ನು ಮುರಿದರೆ ಇನ್ನಷ್ಟು ವಾರ ನಡೆಯಬಹುದು ಎಂದು ಮುರಿದರು. ಕಾಲದಿಂದ ಕಾಲಕ್ಕೆ ಹೋಗುವ ಯಂತ್ರ ಕೈಯಲ್ಲಿದ್ದೂ ಅವರಿಗೆ ಹೊಳೆದದ್ದು ಹೆಂಗಸಿನ ತಲೆ ತಗ್ಗಿಸುವುದು. ಮೊಬೈಲನ್ನು ಹುಡುಗಿಗೆ ವಾಪಸು ಕೊಟ್ಟು ಕೈ ತೊಳೆದುಕೊಂಡು ಬಂದೆ.

ಆ ಭಾನುವಾರ ಕಳೆದು ಸ್ವಲ್ಪ ದಿನಕ್ಕೆ ಜಯತ್ತೆ ರಾತ್ರಿ ಊಟ ಬಿಡತೊಡಗಿದಳು. ಅವ್ವ ಕೇಳಿದ್ದಕ್ಕೆ, ತಟ್ಟೆ ಮುಂದೆ ಕೂತರೆ ಹಿತ್ತಲಲ್ಲಿ ಬಿದ್ದಿರುವ ಆ ಮುದುಕಿ ಕಣ್ಣಿಗೆ ಬರುತ್ತಾಳೆ ಎಂದಳು. ಅತ್ತೆ ಒಳ್ಳೆಯವಳಾಗಿದ್ದಳಾ ಎಂದು ಅವ್ವ ಕೇಳಿದಳು. ಇಲ್ಲ, ಮಗ ಹೊಡೆಯುವಾಗ ಒಂದು ಸಲವೂ ಅಡ್ಡ ಬಂದವಳಲ್ಲ, ಹಾಗೆಂದು ಕೊಳೆಯಲಿ ಅನ್ನುವುದಕ್ಕೆ ಆಗುತ್ತಾ ಎಂದಳು ಜಯತ್ತೆ. ಅವ್ವ, ಹೋಗುವುದಾದರೆ ಒಬ್ಬಳೇ ಹೋಗಬೇಡ, ಇವಳನ್ನು ಕರೆದುಕೊಂಡು ಹೋಗು ಎಂದು ನನ್ನನ್ನು ತೋರಿಸಿದಳು. ಸಿದ್ದರಾಜು ಟ್ರ್ಯಾಕ್ಟರ್ ಓಡಿಸುತ್ತಿದ್ದ, ಹಗಲು ಮನೆಯಲ್ಲಿ ಇರುವುದಿಲ್ಲವೆಂದು ಜಯತ್ತೆಗೆ ಗೊತ್ತಿತ್ತು. ಸ್ಕೂಲಿಗೆ ರಜೆಯಿದ್ದ ಒಂದು ದಿನ, ತಾತನಿಗೆ ಹೇಳದೆ, ಹುಣಸೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು ನಾವಿಬ್ಬರೂ ಕೆ.ಆರ್. ನಗರಕ್ಕೆ ಹೋದೆವು.

ಮನೆಗೆ ಬೀಗವಿರಲಿಲ್ಲ, ಚಿಲಕ ಮಾತ್ರ ಹಾಕಿತ್ತು. ಮುಂದಿನ ಕೋಣೆಯಲ್ಲಿ ನಮ್ಮದಕ್ಕಿಂತ ದೊಡ್ಡ ಟೀವಿ ಇತ್ತು. ಅದಕ್ಕೆ ಧೂಳು ಬೀಳದಿರಲೆಂದು ಹೂವಿನ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಹಿತ್ತಲಲ್ಲಿ ಸೌದೆ ಒಟ್ಟುವ ಮಾಡಿನ ಕೆಳಗೆ, ಗೋಣಿಚೀಲದ ಮೇಲೆ, ಆ ಮುದುಕಿ ಬಿದ್ದಿದ್ದಳು, ಮೈಮೇಲೆ ಹೊದಿಕೆ ಇರಲಿಲ್ಲ. ನಾತ ಬಾಗಿಲಲ್ಲೇ ಮುಖಕ್ಕೆ ಹೊಡೆಯಿತು. ಹೊಗೆಸೊಪ್ಪಿನ ಘಾಟಿನಲ್ಲಿ ಬೆಳೆದ ನನಗೆ ಯಾವ ನಾತವೂ ಏನೂ ಮಾಡದು ಅಂದುಕೊಂಡಿದ್ದೆ. ಪಕ್ಕದಲ್ಲಿದ್ದ ತಟ್ಟೆಯ ಒಣಗಿದ ಅನ್ನವನ್ನು ಕೋಳಿಯೊಂದು ಕುಕ್ಕುತ್ತಿತ್ತು. ಜಯತ್ತೆ ನನಗೆ ಕೋಳಿ ಓಡಿಸಲು ಹೇಳಿ, ತಾನು ಒಲೆ ಹಚ್ಚಿ ನೀರು ಕಾಯಿಸಿದಳು. ಮುದುಕಿಯನ್ನು ಒಂದು ಪಕ್ಕಕ್ಕೆ ತಿರುಗಿಸಿದಾಗ ಸೀರೆ ಮೈಗೆ ಅಂಟಿಕೊಂಡಿತ್ತು, ಬೆನ್ನಿನ ಹುಣ್ಣಿಗೆ ಹತ್ತಿಕೊಂಡಿತ್ತು. ಜಯತ್ತೆ ಬಿಸಿನೀರು ಹನಿಸಿ ಹನಿಸಿ ಅದನ್ನು ಬಿಡಿಸಿದಳು. ಒಂದೊಂದು ಕೊಡ ನೀರು ತಂದುಕೊಡುವಾಗಲೂ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಕಾರಿಕೊಳ್ಳುವ ಹಾಗಾಗುತ್ತಿತ್ತು. ಆದರೆ ಆ ಮುದುಕಿಯನ್ನು ನೋಡಿ ಅಲ್ಲ, ಅವಳನ್ನು ಹೀಗೆ ಬಿಟ್ಟು ನಮ್ಮ ಮನೆಯಲ್ಲಿ ಮೂಳೆ ಹೀರುತ್ತ ಕೂತಿದ್ದವನನ್ನು ನೆನೆದು.

ಮೈ ಒರೆಸಿ, ತನ್ನ ಚೀಲದಲ್ಲಿ ತಂದಿದ್ದ ಹಳೆಯ ಸೀರೆ ಉಡಿಸಿ, ಗಂಜಿ ಕುಡಿಸಿದ ಮೇಲೆ ಮುದುಕಿ ಕಣ್ಣು ಬಿಟ್ಟು ಸೊಸೆಯ ಗುರುತು ಹಿಡಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮಾತಿಗಾಗಿ ಬಹಳ ತಿಣುಕಿದಳು. ಜಯತ್ತೆ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು. ಹತ್ತಿರ ಕೂತಿದ್ದ ನನಗೂ ಕೇಳಿಸಿತು:

"ಓಗು. ಅವ್ನು ಬರೋ ಒತ್ಗೆ ಇಲ್ಲಿರ್ಬ್ಯಾಡ. ಬುಡಕಿಲ್ಲ ಅವ್ನು. ಓಗವ್ವ."

ಮಗನ ಕೈಗೆ ಅಡ್ಡ ಬಾರದಿದ್ದವಳು ಬಿದ್ದ ಜಾಗದಿಂದ ಅಡ್ಡ ಬಂದಳು. ಜಯತ್ತೆ ಅವಳ ಹಣೆಯ ಮೇಲಿನ ಕೂದಲು ಸರಿಸಿ, ಆಯ್ತು ಎಂದಳು. ಅಲ್ಲಿಂದ ನೇರ ಎರಡು ಬೀದಿ ಆಚೆ ಇದ್ದ ಸಿದ್ದರಾಜುವಿನ ಅಕ್ಕ ಗೌರಮ್ಮನ ಮನೆಗೆ ನನ್ನನ್ನು ಎಳೆದುಕೊಂಡು ಹೋದಳು. ತಮ್ಮನ ಜೊತೆ ಜಗಳವಾಗಿ ಆಕೆ ತವರಿಗೆ ಕಾಲಿಡುವುದನ್ನು ಬಿಟ್ಟಿದ್ದಳಂತೆ. ಜಯತ್ತೆ ಬೈಯಲೂ ಇಲ್ಲ, ಬೇಡಲೂ ಇಲ್ಲ. ನಿಮ್ಮವ್ವನನ್ನು ಒಂದು ಸಲ ಬಂದು ನೋಡಿ ಅಕ್ಕ, ಆಮೇಲೆ ನಿಮ್ಮಿಷ್ಟ ಎಂದಳು. ಗೌರಮ್ಮ ಬಂದು ನೋಡಿದಳು. ಬಾಗಿಲ ಚೌಕಟ್ಟಿಗೆ ತಲೆ ಚಚ್ಚಿಕೊಂಡು ಅತ್ತಳು. ಆಟೋ ತರಿಸಿ, ನಾವು ಮೂವರೂ ಸೇರಿ ಮುದುಕಿಯನ್ನು ಎತ್ತಿ ಕೂರಿಸಿದೆವು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಜಯತ್ತೆ ಒಳಗೆ ಹೋಗಿ ಬಾಗಿಲ ಚಿಲಕ ಮೊದಲಿದ್ದ ಹಾಗೆ ಹಾಕಿ ಬಂದಳು.

ಮುಂದೆ ಏನಾಯಿತೆಂದರೆ, ಆ ಮುದುಕಿ ಮಗಳ ಮನೆಯಲ್ಲಿ ಚೊಕ್ಕ ಹಾಸಿಗೆಯ ಮೇಲೆ ಇನ್ನೂ ಕೆಲವು ತಿಂಗಳು ಇದ್ದು ತೀರಿಹೋದಳು. ಸಿದ್ದರಾಜು ನಮ್ಮೂರ ಕಡೆ ಮತ್ತೆ ಬರಲಿಲ್ಲ. ಬಾಚುವ ಕೆಲಸ ತಪ್ಪಿದ ಮೇಲೆ ಅವನಿಗೆ ಹೆಂಡತಿಯ ನೆನಪೂ ತಪ್ಪಿತು. ಜಯತ್ತೆ ಮುಂದಿನ ವರ್ಷ ಸರಗೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅವಳ ಟ್ರಂಕನ್ನು ಬಸ್ಸಿನ ಮೇಲೆ ಹಾಕಿ ಕೊಟ್ಟವನು ಅಪ್ಪ. ನಡುಮನೆಯಲ್ಲಿ ಮಿಷಿನ್ನು ಇನ್ನೊಂದು ವರ್ಷ ಬಂತು. ತಾತ ನೋಡುತ್ತಿದ್ದ, ಆ ಹೊತ್ತಿಗೆ ನಾನೂ ಅವ್ವನೂ ಅಡುಗೆಮನೆಯಲ್ಲಿ ಇರುತ್ತಿದ್ದೆವು. ಅದು ಯಾವತ್ತು ನಿಂತಿತೋ ಯಾರಿಗೂ ನೆನಪಿಲ್ಲ.

ಆ ದಿನ ಕೆ.ಆರ್. ನಗರದಿಂದ ವಾಪಸು ಬರುವಾಗ ಇನ್ನೂ ಬಿಸಿಲಿತ್ತು. ಹುಣಸೂರಿನ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಜಯತ್ತೆ ಮೊಣಕೈಯವರೆಗೂ ಮಣ್ಣು ಹಚ್ಚಿ ಕೈ ತೊಳೆದಳು. ಮತ್ತೆ ತೊಳೆದಳು. ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚುವ ಮುಂಚೆ, ಬೆರಳುಗಳನ್ನು ಮೂಗಿಗೆ ಹಿಡಿದು ನೋಡಿಕೊಂಡಳು. ಆಮೇಲೆ ಕೈಯನ್ನು ನನ್ನ ಮುಖದ ಹತ್ತಿರ ತಂದು ಕೇಳಿದಳು:

"ಇನ್ನೂ ನಾರ್ತದಾ?"

ನಾರುತ್ತಿತ್ತು. ಮಣ್ಣಿನ ವಾಸನೆಯ ಅಡಿಯಲ್ಲಿ ಆ ಹಿತ್ತಲಿನದು ಇನ್ನೂ ಇತ್ತು. ಹೌದು ಎಂದು ಹೇಳಿದೆ. ಅವಳು ನಕ್ಕಳು. ಕಡಲೆಕಾಯಿ ಒಡೆದು, ಬೀಜವನ್ನು ಅಂಗೈ ಮೇಲೆ ಇಟ್ಟು ನನ್ನ ಕಡೆ ಚಾಚಿದಳು. ನಾನು ತೆಗೆದುಕೊಂಡು ತಿಂದೆ. ಪೊಟ್ಟಣ ಮುಗಿಯುವವರೆಗೂ ಅವಳು ಒಡೆದು ಕೊಡುತ್ತಿದ್ದಳು, ನಾನು ಅವಳ ಅಂಗೈಯಿಂದ ತಿನ್ನುತ್ತಿದ್ದೆ.